ಕೊಕ್ಕೆ ಮೊದಲು, ಕೋಲು ಆಮೇಲೆ: ಬಾಸ್ ಮೀನಿಗೊಂದು ಸ್ಪಿನ್ನಿಂಗ್ ರಾಡ್ ಕಟ್ಟಿದ್ದು

ಬೇಕಾಗಿದ್ದು ಒಂದೇ ಕೋಲು. ಮೆತ್ತನೆಯ ಪ್ಲಾಸ್ಟಿಕ್ ಹುಳ ಎಸೆದು ಬಾಸ್ ಹಿಡಿಯುವ ಸ್ಪಿನ್ನಿಂಗ್ ರಾಡ್, ಅಂದರೆ ಲೈನ್ (ಗಾಳದ ದಾರ) ಸುತ್ತುವ ರೀಲ್ ಕೆಳಗೆ ತೂಗುವ ಕೋಲು. ನಾನಿರುವುದು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ. ಇಲ್ಲಿ ಕೆರೆಗಳಿಗೆ ಬರವಿಲ್ಲ. ಲೂಯಿಸ್‌ವಿಲ್ ಇದೆ, ರೇ ರಾಬರ್ಟ್ಸ್ ಇದೆ, ಪೂರ್ವಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದರೆ ಲೇಕ್ ಫೋರ್ಕ್ ಇದೆ. ಎಲ್ಲವೂ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು. ಎಲ್ಲದರಲ್ಲೂ ಲಾರ್ಜ್‌ಮೌತ್ ಬಾಸ್ ಇದೆ: ಹಸಿರು ಮೈ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿದ ಬಾಯಿ.

"ಅಂಗಡೀಲಿ ನೂರು ಡಾಲರಿಗೆ ಒಳ್ಳೇದೇ ಸಿಗ್ತದಲ್ಲ ಮಾರಾಯ, ನಿಂಗೆ ಬೇರೆ ಕೆಲಸ ಇಲ್ವಾ?" ಅಂತ ದೋಣಿಗೆ ಜೊತೆಯಾಗುವ ಕುಂದಾಪುರದ ಗೆಳೆಯ ಕೇಳಿದ. ಸಿಗುತ್ತದೆ, ನಿಜ. ನೂರು ಡಾಲರಿನ ಕೋಲುಗಳು ಈಗ ಚೆನ್ನಾಗಿಯೇ ಇವೆ. ನನ್ನ ತಲೆ ಕೆಡಿಸಿದ್ದು ಬೆಲೆ ಅಲ್ಲ, ಕೋಲು ಎಷ್ಟು ಬಿಗಿ ಅಂತ ಅದರ ಮೇಲೆ ಅಚ್ಚು ಹಾಕಿರುವ ಮಾತು. ಒಂದು ಕಂಪನಿಯ "ಮೀಡಿಯಂ" ಇನ್ನೊಂದು ಕಂಪನಿಯ "ಮೀಡಿಯಂ ಹೆವಿ"ಗೆ ಸಮ ಇರುತ್ತದೆ. ಇದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಅಂತ ಒಂದಿಲ್ಲ. ಅಂಗಡಿಯಲ್ಲಿ ನಿಂತು ಕೋಲನ್ನು ಗಾಳಿಯಲ್ಲಿ ಬೀಸಿ, ತಲೆ ಆಡಿಸಿ, "ಹೂಂ, ಚೆನ್ನಾಗಿದೆ" ಅನ್ನುವುದು ಎಲ್ಲರೂ ಮಾಡುವ ನಾಟಕ. ಅದರಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಅಳೆದು ಆರಿಸಿ, ನಾನೇ ಕಟ್ಟೋಣ ಅಂದುಕೊಂಡೆ.

ಅದಕ್ಕೂ ಮೊದಲು ಹಳೇ ಕೋಲಿನ ತುದಿ

ಮನೆಯಲ್ಲೊಂದು ಹಳೇ ಕೋಲು ಇತ್ತು. ಆರೂವರೆ ಅಡಿ, ಮೇಲೆ ಮೀಡಿಯಂ ಅಂತ ಬರೆದಿದೆ. ಎಸೆದಾಗಲೆಲ್ಲ ಲೈನ್ ತುಂಡಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಗಂಟನ್ನು ಬೈಯುತ್ತಾರೆ, ಲೈನನ್ನು ಬೈಯುತ್ತಾರೆ. ಕೋಲಿನುದ್ದಕ್ಕೂ ಲೈನ್ ಹಾಯಲು ಗೈಡ್ ಅನ್ನುವ ಬಳೆಗಳಿರುತ್ತವೆ. ಕಿವಿಗೆ ಹಾಕುವ ಹತ್ತಿಕಡ್ಡಿ ತಗೊಂಡು ಪ್ರತಿ ಗೈಡಿನ ಬಳೆಯೊಳಗೆ ಒಂದು ಸುತ್ತು ತಿರುಗಿಸಿ ನೋಡಿ. ಬಳೆ ಬಿರುಕು ಬಿಟ್ಟಿದ್ದರೆ ಹತ್ತಿಯ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಬಿರುಕೂ ಹತ್ತಿಗೆ ಸಿಗುತ್ತದೆ. ನನ್ನದರಲ್ಲಿ ತುದಿಯ ಗೈಡಿನ ಸೆರಾಮಿಕ್ ಒಡೆದಿತ್ತು.

ತುದಿ ಬದಲಿಸುವುದು ಸುಲಭ. ಅದನ್ನು ಕೂರಿಸಿರುವುದು ಬಿಸಿ ಮಾಡಿದರೆ ಕರಗುವ ಅಂಟಿನಲ್ಲಿ. ಲೈಟರಿನ ಬೆಂಕಿಯನ್ನು ಲೋಹದ ಕೊಳವೆಗೆ ಮಾತ್ರ ತಾಗಿಸಿ, ಒಂದೆರಡು ಸೆಕೆಂಡ್ ಹಿಡಿದು, ಇಕ್ಕಳದಲ್ಲಿ ನೇರಕ್ಕೆ ಎಳೆದರೆ ಬರುತ್ತದೆ. ತಿರುಚಬೇಡಿ, ಕೋಲಿನ ಗ್ರಾಫೈಟ್ ಸೀಳಿಬಿಡುತ್ತದೆ. ಕೊಳವೆಯ ಅಳತೆಯನ್ನು ಇಂಚಿನ 64ನೇ ಭಾಗಗಳಲ್ಲಿ ಹೇಳುತ್ತಾರೆ. ಅಂದರೆ 5 ಅಂತ ಇದ್ದರೆ 5/64 ಇಂಚು. ಹೊಸದನ್ನು ಕೂರಿಸಿ, ಉಳಿದ ಗೈಡುಗಳ ಸಾಲಿಗೆ ಕಣ್ಣಿಟ್ಟು ನೇರ ಮಾಡಿ, ಅಂಟು ಆರಲು ಬಿಟ್ಟರೆ ಆಯಿತು. ಕೆಲವೇ ಡಾಲರಿನ ಕೆಲಸ. ಈ ಕೋಲನ್ನು ಸರಿ ಮಾಡಿದ್ದು ಹೊಸದನ್ನು ಅಳೆಯುವಾಗ ಹೋಲಿಸಲು ಒಂದು ಇರಲಿ ಅಂತಲೂ ಹೌದು.

ಯಾವ ಹುಳ, ಯಾವ ಕೊಕ್ಕೆ

ಕೋಲು ಆರಿಸುವಾಗ ಜನ ಮೀನಿನ ತೂಕದಿಂದ ಶುರು ಮಾಡುತ್ತಾರೆ. ನನಗೆ ಅದು ತಲೆಕೆಳಗಾದ ಲೆಕ್ಕ ಅನಿಸುತ್ತದೆ. ಮೀನು ದೊಡ್ಡದಾದರೆ ರೀಲಿನ ಡ್ರ್ಯಾಗ್, ಅಂದರೆ ಅದರ ಬ್ರೇಕು, ಲೈನ್ ಬಿಟ್ಟುಕೊಡುತ್ತದೆ. ಕೋಲು ಮಾಡಲೇಬೇಕಾದ ಕೆಲಸ ಎರಡು: ಹುಳವನ್ನು ದೂರ ಕಳಿಸುವುದು, ಕೊಕ್ಕೆಯನ್ನು ಮೀನಿನ ದವಡೆಗೆ ಇಳಿಸುವುದು. ಎರಡನೆಯದು ಕೊಕ್ಕೆಯ ತಂತಿ ಎಷ್ಟು ದಪ್ಪ ಅನ್ನುವುದರ ಮೇಲೆ ನಿಂತಿದೆ.

ಪ್ಲಾಸ್ಟಿಕ್ ಹುಳದ ಕಥೆ ಶುರುವಾಗಿದ್ದು 1949ರಲ್ಲಿ, ಒಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ. ನಿಕ್ ಕ್ರೀಮ್ ಎಂಬಾತ ಅಡುಗೆಮನೆಯಲ್ಲೇ ಪ್ಲಾಸ್ಟಿಕ್ ಕಾಯಿಸಿ, ಅಚ್ಚಿಗೆ ಹೊಯ್ದು ಹುಳ ತೆಗೆದ. ಆಮೇಲೆ ಕಾರ್ಖಾನೆ ಟೆಕ್ಸಾಸ್‌ನ ಟೈಲರಿಗೆ ಬಂತು. ಇಲ್ಲಿನ ಕೆರೆಗಳಲ್ಲಿ ನೀರು ತುಂಬುವ ಮುಂಚಿನ ಮರಗಳು ಹಾಗೇ ಒಣಗಿ ನಿಂತಿರುತ್ತವೆ. ಕೊಕ್ಕೆಯ ಮೊನೆ ಹೊರಗಿದ್ದರೆ ಮೀನಿಗಿಂತ ಮೊದಲು ಕೊಂಬೆ ಸಿಗುತ್ತದೆ. ಕೊಕ್ಕೆಗೆ ಹುಳ ಸಿಕ್ಕಿಸುವ ರೀತಿಗೆ ರಿಗ್ ಅನ್ನುತ್ತಾರೆ. ಹಾಗಾಗಿ ಮೊನೆಯನ್ನು ಹುಳದ ಮೈಯೊಳಗೇ ಬಚ್ಚಿಡುವ ಟೆಕ್ಸಾಸ್ ರಿಗ್ ಈ ಸೀಮೆಗೆ ಹೇಳಿ ಮಾಡಿಸಿದ್ದು. ಮುಂದೆ ಬಂದೂಕಿನ ಗುಂಡಿನಾಕಾರದ ಸೀಸ ಅಥವಾ ಟಂಗ್‌ಸ್ಟನ್, ಹಿಂದೆ 3/0 ಅಳತೆಯ ಅಗಲ ಬಾಯಿಯ ಕೊಕ್ಕೆ. ಅದರ ತಂತಿ ದಪ್ಪ. ಮೀನು ಕಚ್ಚಿದಾಗ ಮೊನೆ ಮೊದಲು ಪ್ಲಾಸ್ಟಿಕನ್ನು ತೂರಬೇಕು, ಆಮೇಲೆ ದವಡೆಯನ್ನು.

ಇನ್ನೊಂದು ಕಡೆ ವ್ಯಾಕಿ ರಿಗ್. ಇದಕ್ಕೆ ಗ್ಯಾರಿ ಯಮಾಮೊಟೊ ಕಂಪನಿಯ ಸೆಂಕೊ ಹೆಸರುವಾಸಿ. ನೋಡಿದರೆ ಪೆನ್ಸಿಲ್ ತುಂಡು. ಬಾಲ ಇಲ್ಲ, ರೆಕ್ಕೆ ಇಲ್ಲ, ಏನೂ ಇಲ್ಲ. ಪ್ಲಾಸ್ಟಿಕ್‌ಗೆ ಉಪ್ಪು ತುಂಬಿರುವುದರಿಂದ 5 ಇಂಚಿನ ಹುಳವೇ ಸುಮಾರು 10 ಗ್ರಾಂ ತೂಗುತ್ತದೆ. ಸೀಸ ಬೇಡ. ಸರಿಯಾಗಿ ನಡುವಿಗೆ ಒಂದು ಸಣ್ಣ ಕೊಕ್ಕೆ ಅಡ್ಡ ಸಿಕ್ಕಿಸಿ ನೀರಿಗೆ ಬಿಟ್ಟರೆ ಅಡ್ಡಡ್ಡವಾಗಿಯೇ ಇಳಿಯುತ್ತದೆ. ಇಳಿಯುವಾಗ ಎರಡೂ ತುದಿ ನಡುಗುತ್ತವೆ. ಬಾಸ್‌ಗೆ ಅಷ್ಟು ಸಾಕು. ಇಲ್ಲಿ ಕೊಕ್ಕೆ 1 ಅಥವಾ 1/0, ತೆಳು ತಂತಿ, ಮೊನೆ ಹೊರಗೇ ಇರುತ್ತದೆ. ಜೋರಾಗಿ ಎಳೆಯುವುದೇ ಬೇಡ. ರೀಲ್ ತಿರುಗಿಸುತ್ತಾ ಕೋಲನ್ನು ಪಕ್ಕಕ್ಕೆ ಒಯ್ದರೆ ತಾನೇ ನಾಟುತ್ತದೆ. ಒಂದು ಮಾತು: ಹುಳದ ನಡುವಿಗೆ ರಬ್ಬರ್ ಓ-ರಿಂಗ್ ಹಾಕಿ, ಕೊಕ್ಕೆಯನ್ನು ಅದರಡಿಗೆ ತೂರಿಸಿ. ಇಲ್ಲದಿದ್ದರೆ ಪ್ರತಿ ಮೀನಿಗೂ ಒಂದೊಂದು ಹುಳ ಹರಿದು ಹೋಗುತ್ತದೆ. ಅವೇನು ಅಗ್ಗವಲ್ಲ.

ಇವೆರಡರ ಮಧ್ಯೆ ಶೇಕಿ ಹೆಡ್. ಕೊಕ್ಕೆಗೆ ಸೇರಿದ 1/8 ಅಥವಾ 3/16 ಔನ್ಸ್ ತೂಕದ ತಲೆ, ಅದಕ್ಕೆ ಝೂಮ್ ಕಂಪನಿಯ ಟ್ರಿಕ್ ವರ್ಮ್ ಥರದ ಸಪೂರ ಹುಳ, ತಳದಲ್ಲಿ ನಿಂತು ಅಲ್ಲಾಡುವುದು.

ಈ ಮೂರಕ್ಕೂ ಒಂದೇ ಕೋಲು ಆಗುತ್ತದಾ? ಇದೇ ನನ್ನ ನಿಜವಾದ ಪ್ರಶ್ನೆ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿ ಮನೆಯಲ್ಲಿ ಇರುತ್ತದಲ್ಲ, ಅದನ್ನು ಗ್ಯಾರೇಜಿನ ಕಂಬಕ್ಕೆ ಕಟ್ಟಿದೆ. ಹಳೇ ಕೋಲಿನ ಲೈನನ್ನು ಅದರ ಕೊಂಡಿಗೆ ಬಿಗಿದೆ. ಗೆಳೆಯನಿಗೆ ಕೋಲು ಕೊಟ್ಟು, ಮೀನು ಕಚ್ಚಿದ ಹಾಗೆ ಎಳಿ ಅಂದೆ. ಕೋಲು ಅರ್ಧಚಂದ್ರ ಆಯಿತು, ಅವನ ಮುಖ ಕೆಂಪಾಯಿತು. ತಕ್ಕಡಿ ಮಾತ್ರ ಎರಡು ಪೌಂಡಿನ ಆಚೀಚೆ ಆಡಿಕೊಂಡಿತ್ತು. "ಇಷ್ಟೇನಾ?" ಅಂದ. ಇಷ್ಟೇ. ಕೋಲು ಬಗ್ಗಿದಷ್ಟೂ ನಮ್ಮ ಶಕ್ತಿ ಅಲ್ಲೇ ಉಳಿಯುತ್ತದೆ, ಆ ಕಡೆ ಹೋಗುವುದು ಸ್ವಲ್ಪವೇ. ಲೈನನ್ನು ಸಡಿಲ ಬಿಟ್ಟು ಝಾಡಿಸಿದರೆ ಒಂದು ಕ್ಷಣ ಜಾಸ್ತಿ ಬರುತ್ತದೆ. ಆದರೆ ದೂರದಲ್ಲಿ, ನೀರಿನೊಳಗೆ, ಲೈನ್ ಹಿಗ್ಗುವಾಗ ಅದನ್ನು ನಂಬಿ ಕೂರುವ ಹಾಗಿಲ್ಲ. ಆದ್ದರಿಂದಲೇ ತೆಳು ತಂತಿಯ, ಚೂಪಾದ ಕೊಕ್ಕೆ ಸ್ಪಿನ್ನಿಂಗ್ ಕೋಲಿಗೆ ಹೊಂದುತ್ತದೆ. ದಪ್ಪ ತಂತಿಯ ಕೊಕ್ಕೆ ಬಿಗಿಯಾದ ಕೋಲನ್ನೇ ಕೇಳುತ್ತದೆ.

ಅಲ್ಲಿಗೆ ನಿರ್ಧಾರ ಆಯಿತು. ವ್ಯಾಕಿ ಮತ್ತು ಶೇಕಿ ಹೆಡ್ ಮುಖ್ಯ. ಟೆಕ್ಸಾಸ್ ರಿಗ್ ಆದರೆ 3/16 ಔನ್ಸ್‌ವರೆಗೆ, ಅದೂ ತೆಳು ತಂತಿಯ ಕೊಕ್ಕೆಯಲ್ಲಿ. ಅದಕ್ಕಿಂತ ಭಾರದ್ದು, ದಟ್ಟ ಗಿಡದೊಳಗೆ ಇಳಿಸುವಂಥದ್ದು ರೀಲ್ ಮೇಲೆ ಕೂರುವ, ಬಿಗಿಯಾದ ಬೇಟ್‌ಕಾಸ್ಟರ್ ಕೋಲಿನ ಪಾಲಿಗೆ.

ನಾಣ್ಯದ ಲೆಕ್ಕ

ಕೋಲಿನಲ್ಲಿ ಎರಡು ಗುಣ ನೋಡುತ್ತಾರೆ. ಪವರ್ ಅಂದರೆ ಬಗ್ಗಿಸಲು ಎಷ್ಟು ತೂಕ ಬೇಕು ಅನ್ನುವುದು. ಆಕ್ಷನ್ ಅಂದರೆ ಎಲ್ಲಿಂದ ಬಗ್ಗುತ್ತದೆ ಅನ್ನುವುದು. ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತುದಿಗೆ ಬೆರಳಿಟ್ಟು ಒತ್ತಿ ನೋಡಿ, ತುದಿ ಬಗ್ಗುತ್ತದೆ, ಬುಡ ಅಲುಗುವುದಿಲ್ಲ. ಅದು ಫಾಸ್ಟ್ ಆಕ್ಷನ್. ಬುಡದಿಂದಲೇ ಕಮಾನಾದರೆ ಸ್ಲೋ.

ಇದನ್ನು ಅಳೆಯಲು ವಿಲಿಯಂ ಹ್ಯಾನೆಮನ್ ಎಂಬ ಅಮೆರಿಕದ ಕೋಲು ಕಟ್ಟುವವರು ಒಂದು ಉಪಾಯ ಹೇಳಿಕೊಟ್ಟಿದ್ದಾರೆ. ಹೆಸರು ಕಾಮನ್ ಸೆಂಟ್ಸ್ ಸಿಸ್ಟಮ್. ಬೇಕಾಗುವ ಸಾಮಾನು ಒಂದು ಸೆಂಟಿನ ನಾಣ್ಯಗಳು, ಅಷ್ಟೇ. 1983ರಿಂದ ಈಚಿನ ಪ್ರತಿ ಸೆಂಟ್ 2.5 ಗ್ರಾಂ ತೂಗುತ್ತದೆ. ಅದಕ್ಕೂ ಹಿಂದಿನ ತಾಮ್ರದವು 3.1 ಗ್ರಾಂ. ಅವನ್ನು ಆರಿಸಿ ಪಕ್ಕಕ್ಕಿಡಬೇಕು. ಬ್ಯಾಂಕಿನಲ್ಲಿ ಅರ್ಧ ಡಾಲರ್ ಕೊಟ್ಟರೆ 50 ನಾಣ್ಯದ ಸುರುಳಿ ಸಿಗುತ್ತಿತ್ತು, ಅಂದರೆ 125 ಗ್ರಾಂ. ಇಷ್ಟು ಅಗ್ಗದ, ಇಷ್ಟು ಕರಾರುವಾಕ್ಕಾದ ತೂಕದ ಬಟ್ಟು ಇನ್ನೆಲ್ಲೂ ಸಿಗಲ್ಲ!

ಕೋಲಿನ ಬುಡವನ್ನು ಮೇಜಿಗೆ ಸಮತಟ್ಟಾಗಿ ಬಿಗಿದೆ. ತುದಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ತೂಗುಹಾಕಿದೆ. ಗೋಡೆಯ ಮೇಲೆ, ಕೋಲಿನ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗೆ, ಪೆನ್ಸಿಲಿನಲ್ಲಿ ಒಂದು ಗೆರೆ. ಇನ್ನು ಚೀಲಕ್ಕೆ ನಾಣ್ಯ ಹಾಕುತ್ತಾ ಹೋಗುವುದು. ಮೊದಲು ಹಿಡಿ ಹಿಡಿಯಾಗಿ, ಗೆರೆ ಹತ್ತಿರ ಬಂದಂತೆ ಒಂದೊಂದಾಗಿ. ತುದಿ ಗೆರೆ ಮುಟ್ಟಿದಾಗ ನಿಲ್ಲಿಸಿ ಎಣಿಸಿದರೆ ಅದು ಆ ಕೋಲಿನ ಪವರ್. ಆ ಸ್ಥಿತಿಯಲ್ಲೇ ತುದಿ ಎಷ್ಟು ಡಿಗ್ರಿ ಕೆಳಗೆ ನೋಡುತ್ತಿದೆ ಅಂತ ಕೋನಮಾಪಕ ಹಿಡಿದರೆ ಆಕ್ಷನ್. ಕೋನ ಜಾಸ್ತಿ ಇದ್ದಷ್ಟೂ ಕೋಲು ಫಾಸ್ಟ್.

ನನ್ನ ಹಳೇ ಮೀಡಿಯಂ, ಗೆಳೆಯನ ಬೇರೆ ಕಂಪನಿಯ ಮೀಡಿಯಂ, ಎರಡನ್ನೂ ಹೀಗೆ ತೂಗಿದೆವು. ಅವನದು ಹೆಚ್ಚುಕಡಿಮೆ ಕಾಲುಭಾಗ ಜಾಸ್ತಿ ನಾಣ್ಯ ನುಂಗಿತು. ಎರಡರ ಮೇಲೂ ಬರೆದಿರುವುದು ಅದೇ ಮಾತು, ಎಸೆಯುವ ತೂಕವೂ ಅದೇ 1/4ರಿಂದ 5/8 ಔನ್ಸ್. ನೀರಿನಲ್ಲಿ ಅವನ ಕೋಲಿನಿಂದ ಸೀಸ ಕಟ್ಟದ ಸೆಂಕೊ ಯಾಕೆ ದೂರ ಹೋಗುತ್ತಿರಲಿಲ್ಲ ಅನ್ನುವುದಕ್ಕೆ ಉತ್ತರ ಆ ಚೀಲದಲ್ಲಿತ್ತು. ಕೋಲಿನ ತುದಿ ಹುಳದ ತೂಕಕ್ಕೆ ಹಿಂದಕ್ಕೆ ಬಗ್ಗಬೇಕು. ಆಗಲೇ ಅದು ಮುಂದಕ್ಕೆ ಚಿಮ್ಮುವುದು. 10 ಗ್ರಾಂಗೆ ಬಗ್ಗದ ತುದಿಯಿಂದ 10 ಗ್ರಾಂ ಎಸೆಯುವುದು ಅಂದರೆ ಬರೀ ತೋಳಿನ ಬಲ.

ಬ್ಲಾಂಕ್ ಆರಿಸಿದ್ದು

ಬ್ಲಾಂಕ್ ಅಂದರೆ ಬರೀ ಕೋಲು. ಗೈಡ್ ಇಲ್ಲ, ಹಿಡಿ ಇಲ್ಲ. ಇಲ್ಲಿ ಫ್ಲೋರಿಡಾದ ಮಡ್ ಹೋಲ್, ವಾಷಿಂಗ್ಟನ್ ರಾಜ್ಯದ ಬ್ಯಾಟ್ಸನ್ ಇಂಥವರು ಬಿಡಿಯಾಗಿ ಮಾರುತ್ತಾರೆ. ನಾನು ಹುಡುಕಿದ್ದು ಹೀಗೆ: 7 ಅಡಿ, ಒಂದೇ ತುಂಡು, ನನ್ನ ಹಳೇ ಕೋಲಿಗಿಂತ ಬುಡ ಸ್ವಲ್ಪ ಬಿಗಿ, ತುದಿ ಮಾತ್ರ ಅಷ್ಟೇ ಮೆತ್ತಗೆ, ಫಾಸ್ಟ್ ಆಕ್ಷನ್, 1/8ರಿಂದ 1/2 ಔನ್ಸ್. ಎಕ್ಸ್‌ಟ್ರಾ ಫಾಸ್ಟ್ ಬೇಡ ಅಂದುಕೊಂಡೆ. ತೆಳು ತಂತಿಯ ಕೊಕ್ಕೆ ನಾಟಿದ ಮೇಲೆ ಮೀನು ದೋಣಿ ಹತ್ತಿರ ತಲೆ ಕೊಡವುತ್ತದೆ. ಆಗ ಕೋಲು ಬಗ್ಗಿ ಆ ಝಾಡಿಕೆಯನ್ನು ತಾನು ತಗೊಳ್ಳಬೇಕು. ಬರೀ ತುದಿ ಬಗ್ಗಿ ಉಳಿದದ್ದು ಮೊಂಡಾಗಿ ನಿಂತರೆ ದವಡೆಯ ತೂತು ದೊಡ್ಡದಾಗಿ ಕೊಕ್ಕೆ ಉದುರುತ್ತದೆ.

ಸೆನ್ಸಿಟಿವಿಟಿ ಬಗ್ಗೆ ಎಲ್ಲ ಜಾಹೀರಾತೂ ಮಾತಾಡುತ್ತದೆ. ಶೇಕಿ ಹೆಡ್‌ಗೆ ಅದು ಬೇಕು, ಒಪ್ಪುತ್ತೇನೆ. ತಳದ ಕಲ್ಲು, ಕೊಂಬೆ, ಕೆಸರು ಎಲ್ಲ ಕೈಗೆ ತಿಳಿಯಬೇಕು. ಆದರೆ ವ್ಯಾಕಿ ಹುಳವನ್ನು ಮೀನು ಹಿಡಿಯುವುದು ಹೆಚ್ಚಾಗಿ ಇಳಿಯುವಾಗ. ಆಗ ಲೈನ್ ಸಡಿಲ ಇರುತ್ತದೆ. ಸಡಿಲ ಲೈನಿನಿಂದ ಯಾವ ಸಾವಿರ ಡಾಲರಿನ ಕೋಲಿಗೂ ಸುದ್ದಿ ಬರುವುದಿಲ್ಲ. ಕಣ್ಣಿನಿಂದ ನೋಡಬೇಕು: ನೀರಿನ ಮೇಲೆ ಬಿದ್ದಿರುವ ಲೈನ್ ಸಣ್ಣಗೆ ಜಿಗಿಯುತ್ತದೆ, ಇಲ್ಲವೇ ಸುಮ್ನೆ ಪಕ್ಕಕ್ಕೆ ನಡೆಯಲು ಶುರು ಮಾಡುತ್ತದೆ. ಮಲೆನಾಡಿನಲ್ಲಿ ವಾಟೆ ಕೋಲು ಹಿಡಿದು ಬೆಂಡು ಮುಳುಗುವುದನ್ನು ಕಾದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಅತಿ ದುಬಾರಿ ಗ್ರಾಫೈಟ್‌ಗೆ ದುಡ್ಡು ಸುರಿಯದೆ ಮಧ್ಯಮ ದರ್ಜೆಯದು ತಗೊಂಡೆ. ಅತಿ ಬಿಗಿ ಗ್ರಾಫೈಟ್ ಹಗುರ, ಆದರೆ ಏಟು ತಡೆಯುವುದು ಕಡಿಮೆ. ದೋಣಿಯ ಅಂಚಿಗೆ ಒಮ್ಮೆ ಬಡಿದರೆ ಅವತ್ತು ಏನೂ ಆಗಲ್ಲ. ಇನ್ಯಾವತ್ತೋ ದೊಡ್ಡ ಮೀನು ಬಂದಾಗ ಅಲ್ಲೇ ಮುರಿಯುತ್ತದೆ. ಉಳಿಸಿದ ದುಡ್ಡಿಗೆ ಎದ್ದು ಕಾಣುವ ಹಳದಿ ಬ್ರೇಡ್ ಲೈನ್, ಅಂದರೆ ಎಳೆ ಹೆಣೆದ ಲೈನ್, ಬಂತು.

ಹಿಡಿ

ಕಾರ್ಕಿನ ಹಿಡಿ ಆಕಾರ ಕೊಟ್ಟಿದ್ದೇ ಸಿಗುತ್ತದೆ. ಒಳಗಿನ ತೂತನ್ನು ಬ್ಲಾಂಕಿನ ದಪ್ಪಕ್ಕೆ ಸರಿಯಾಗಿ ಉದ್ದನೆಯ ಗುಂಡು ಅರದಿಂದ ಉಜ್ಜಿ ದೊಡ್ಡದು ಮಾಡಬೇಕು. ಬೇಸರದ ಕೆಲಸ. ಸ್ವಲ್ಪ ಉಜ್ಜು, ತೂರಿಸಿ ನೋಡು, ಮತ್ತೆ ಉಜ್ಜು. ಬ್ಲಾಂಕ್ ಬುಡದ ಕಡೆ ದಪ್ಪ, ತುದಿಯ ಕಡೆ ಸಪೂರ. ಹಾಗಾಗಿ ತೂತೂ ಅದೇ ಓರೆಯಲ್ಲಿ ಬರಬೇಕು. ಅವಸರ ಮಾಡಿದರೆ ಒಳಗೆ ಟೊಳ್ಳು ಉಳಿಯುತ್ತದೆ.

ರೀಲ್ ಕೂರಿಸುವ ಕೊಳವೆಗೆ ರೀಲ್ ಸೀಟ್ ಅನ್ನುತ್ತಾರೆ. ಅದರ ಒಳಗಿನ ತೂತು ಬ್ಲಾಂಕಿಗಿಂತ ತುಂಬಾ ದೊಡ್ಡದು. ನಡುವಿನ ಜಾಗಕ್ಕೆ ಮಾಸ್ಕಿಂಗ್ ಟೇಪನ್ನು ಉಂಗುರ ಉಂಗುರವಾಗಿ ಸುತ್ತಿ, ಉಂಗುರಗಳ ನಡುವೆ ಅಂತರ ಬಿಟ್ಟು, ಆ ಅಂತರದಲ್ಲಿ ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬುತ್ತಾರೆ. ಟೇಪ್ ಬರೀ ನಡುಮಧ್ಯ ನಿಲ್ಲಿಸಲಿಕ್ಕೆ. ಭಾರ ಹೊರುವುದು ಎಪಾಕ್ಸಿ. ಅಂಟು ಆರುವ ಮೊದಲು 2500 ಅಳತೆಯ ರೀಲ್ ಕೂರಿಸಿ, ರೀಲಿನ ಕಾಲನ್ನು ಬೆರಳ ಸಂದಿಗೆ ಹಾಕಿ, ಬುಡ ಮೊಣಕೈಗೆ ತಾಗುತ್ತದಾ ನೋಡಿಕೊಂಡೆ. ಉದ್ದ ಬುಡ ಎರಡು ಕೈಯಲ್ಲಿ ಎಸೆಯಲು ಚೆಂದ. ಆದರೆ ಕೋಲನ್ನು ಕೆಳಗಿಳಿಸಿ ಸೆಂಕೊವನ್ನು ಜೆಟ್ಟಿಯ ಅಡಿಗೆ ಜಾರಿಸುವಾಗ ಹೊಟ್ಟೆಗೆ ಚುಚ್ಚುತ್ತದೆ. ಗಿಡ್ಡವೇ ಇರಲಿ ಅಂತ ಒಂದಿಷ್ಟು ಕತ್ತರಿಸಿದೆ.

ಗೈಡುಗಳ ಸಾಲು

ಸ್ಪಿನ್ನಿಂಗ್ ಕೋಲಿನಲ್ಲಿ ತಲೆ ಉಪಯೋಗಿಸಬೇಕಾದ ಜಾಗ ಇದು. ರೀಲಿನಲ್ಲಿ ಲೈನ್ ಸುತ್ತಿರುವ ಉರುಳೆ, ಅಂದರೆ ಸ್ಪೂಲಿನಿಂದ ಲೈನ್ ನೇರವಾಗಿ ಬರುವುದಿಲ್ಲ. ಸುರುಳಿ ಸುರುಳಿಯಾಗಿ ಚಿಮ್ಮಿ ಬರುತ್ತದೆ. ಮೊದಲ ಮೂರು ಗೈಡುಗಳ ಕೆಲಸ ಆ ಸುರುಳಿಯನ್ನು ಬೇಗ ಸಪೂರ ಮಾಡಿ ಸಾಲಿಗೆ ತರುವುದು. ನಾನು ಹಾಕಿದ್ದು ಜಪಾನಿನ ಫ್ಯೂಜಿ ಕಂಪನಿಯ ಕೆ-ಮಾದರಿಯವು. ಅವುಗಳ ಚೌಕಟ್ಟು ಮುಂದಕ್ಕೆ ವಾಲಿದೆ. ಬ್ರೇಡ್ ಲೈನ್ ಗೈಡಿಗೆ ಸುತ್ತಿಕೊಂಡರೂ ಜಾರಿ ಬಿಚ್ಚಿಕೊಳ್ಳಲಿ ಅಂತ. ಅಳತೆ 20, ಆಮೇಲೆ 10, ಆಮೇಲೆ 5.5. ಅಲ್ಲಿಂದ ತುದಿಯವರೆಗೂ ಕುಳ್ಳ ಕಾಲಿನ 5.5.

ಸುರುಳಿ ಪೂರ್ತಿ ಸಾಲಿಗೆ ಬರುವ ಗೈಡ್ ಎಲ್ಲಿರಬೇಕು? ಹಳೇ ಲೆಕ್ಕ ಒಂದಿದೆ: ಸ್ಪೂಲಿನ ವ್ಯಾಸವನ್ನು 27ರಿಂದ ಗುಣಿಸು. ನನ್ನ ಸ್ಪೂಲ್ 45 ಮಿಲಿಮೀಟರ್. ಅಂದರೆ ಸ್ಪೂಲಿನ ಮುಂಭಾಗದಿಂದ 1215 ಮಿಲಿಮೀಟರ್. ಈಗಿನ ಎತ್ತರದ ಗೈಡುಗಳಿಗೆ ಅಷ್ಟು ದೂರ ಬೇಡ, ಇನ್ನೂ ಹಿಂದೆಯೇ ಕೆಲಸ ಮುಗಿಸುತ್ತವೆ. ಆದರೂ ಶುರು ಮಾಡಲು ಅದೊಂದು ಗುರುತು. ಗೈಡುಗಳನ್ನು ಸಣ್ಣ ರಬ್ಬರ್ ಉಂಗುರಗಳಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಹಿತ್ತಲಿನ ಹುಲ್ಲಿನ ಮೇಲೆ ಕೊಕ್ಕೆಯಿಲ್ಲದ ಸೆಂಕೊ ಕಟ್ಟಿ ಎಸೆದೆ. 20ರ ಗೈಡನ್ನು ಸ್ವಲ್ಪ ಹಿಂದೆ ತಂದೆ, ಮುಂದೆ ಒಯ್ದೆ. ಲೈನ್ ಗೈಡಿಗೆ ಬಡಿಯುವ ಸದ್ದು ಕಡಿಮೆ ಆದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಪಕ್ಕದ ಮನೆಯ ನಾಯಿಗೆ ಭಾರೀ ಖುಷಿ.

ಆಮೇಲೆ ಭಾರದ ಪರೀಕ್ಷೆ. ಕೋಲನ್ನು ಬಿಗಿದು, ಲೈನನ್ನು ಎಲ್ಲ ಗೈಡಿನಿಂದ ತೂರಿಸಿ, ತುದಿಯಿಂದ ಎಳೆದು ಬಗ್ಗಿಸಬೇಕು. ಪಕ್ಕದಿಂದ ನೋಡಿದರೆ ಲೈನ್ ಕೋಲಿನ ಕಮಾನನ್ನೇ ಹಿಂಬಾಲಿಸಬೇಕು. ಎಲ್ಲಾದರೂ ಎರಡು ಗೈಡುಗಳ ನಡುವೆ ಲೈನ್ ನೇರ ಗೆರೆಯಾಗಿ ಕೋಲಿನಿಂದ ದೂರ ನಿಂತರೆ ಅಲ್ಲಿ ಕೋಲಿಗೆ ಒತ್ತಡ ಜಾಸ್ತಿ ಬೀಳುತ್ತಿದೆ ಅಂತ ಅರ್ಥ. ತುದಿಯ ಹತ್ತಿರ ಗೈಡುಗಳನ್ನು ಒತ್ತೊತ್ತಾಗಿ ತರಬೇಕಾಯಿತು.

ಬ್ಲಾಂಕಿಗೆ ಸ್ಪೈನ್ ಅಂತ ಒಂದು ಬಿಗಿ ಬದಿ ಇರುತ್ತದೆ, ಗೈಡನ್ನು ಅದರ ಲೆಕ್ಕದಲ್ಲೇ ಕೂರಿಸಬೇಕು ಅಂತ ಹಳಬರು ವಾದ ಮಾಡುತ್ತಾರೆ. ನಾನು ಬ್ಲಾಂಕನ್ನು ಉದ್ದಕ್ಕೆ ನೋಡಿ, ಅತಿ ನೇರ ಕಾಣುವ ಬದಿಗೆ ಗೈಡ್ ಇಟ್ಟೆ. ಸ್ಪಿನ್ನಿಂಗ್ ಕೋಲಿನಲ್ಲಿ ಗೈಡ್ ಕೆಳಗೇ ತೂಗುವುದರಿಂದ ಕೋಲು ಕೈಯಲ್ಲಿ ತಿರುಚಿಕೊಳ್ಳುವ ಭಯವೂ ಇಲ್ಲ.

ನೂಲು ಸುತ್ತುವುದು

ಗೈಡಿನ ಪಾದದ ತುದಿಯನ್ನು ಮೊದಲು ಅರದಿಂದ ಚೂಪಾಗಿ ಇಳಿಜಾರು ಮಾಡಬೇಕು. ಮೆಟ್ಟಿಲಿನ ಹಾಗೆ ನಿಂತಿದ್ದರೆ ನೂಲು ಹತ್ತುವುದೇ ಇಲ್ಲ, ಅಲ್ಲೊಂದು ಸಂದು ಉಳಿಯುತ್ತದೆ. ಅಡಿಯಲ್ಲಿ ಚೂಪು ಅಂಚು ಇದ್ದರೆ ಬ್ಲಾಂಕಿಗೆ ಗೀರು ಬೀಳುತ್ತದೆ. ಅದನ್ನೂ ಉಜ್ಜಿ ತೆಗೆಯಬೇಕು.

ನೂಲು ತೆಳು ನೈಲಾನ್. ಪಾದದಿಂದ ಸ್ವಲ್ಪ ದೂರದಲ್ಲಿ, ಬ್ಲಾಂಕಿನ ಮೇಲೆ, ನೂಲಿನ ತುದಿಯನ್ನು ಅದರದೇ ಸುತ್ತಿನ ಅಡಿಗೆ ಸಿಕ್ಕಿಸಿ ಶುರು. ಐದಾರು ಸುತ್ತು ಬಂದ ಮೇಲೆ ಉಳಿದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಮುಂದುವರಿಯುವುದು. ಎಡಗೈ ಕೋಲು ತಿರುಗಿಸುತ್ತದೆ, ಬಲಗೈ ಹೆಬ್ಬೆರಳ ಉಗುರು ಹೊಸ ಸುತ್ತನ್ನು ಹಿಂದಿನದಕ್ಕೆ ಒತ್ತುತ್ತದೆ. ನೂಲಿನ ಉಂಡೆಯನ್ನು ದಪ್ಪ ಪುಸ್ತಕದ ಹಾಳೆಗಳ ನಡುವಿನಿಂದ ಹಾಯಿಸಿದರೆ ಬೇಕಾದಷ್ಟು ಬಿಗಿ ಸಿಗುತ್ತದೆ. ಪುಸ್ತಕದ ಮೇಲೆ ಇನ್ನೊಂದು ಪುಸ್ತಕ ಇಟ್ಟರೆ ಇನ್ನೂ ಬಿಗಿ. ತುಂಬಾ ಬಿಗಿ ಬೇಡ. ಸುತ್ತಿ ಆದ ಮೇಲೂ ಗೈಡನ್ನು ಬೆರಳಿನಿಂದ ಒತ್ತಿ ಕೂದಲೆಳೆಯಷ್ಟು ಸರಿಸಿ ಸಾಲು ನೇರ ಮಾಡಲು ಆಗಬೇಕು.

ಮುಗಿಯಲು ಏಳೆಂಟು ಸುತ್ತು ಇರುವಾಗ ಬೇರೊಂದು ನೂಲಿನ ಕುಣಿಕೆಯನ್ನು ಅಡಿಗೆ ಇಟ್ಟು ಅದರ ಮೇಲೆ ಸುತ್ತಿ, ಕೊನೆಗೆ ನೂಲು ಕತ್ತರಿಸಿ, ತುದಿಯನ್ನು ಕುಣಿಕೆಗೆ ಹಾಕಿ ಎಳೆದರೆ ತುದಿ ಸುತ್ತುಗಳ ಅಡಿಗೆ ಹೋಗಿ ಮಾಯ. ಗಂಟೇ ಇಲ್ಲ. ಪೆನ್ನಿನ ಮೊಂಡು ಕ್ಯಾಪಿನಿಂದ ಸುತ್ತಿನ ಮೇಲೆ ಸವರಿದರೆ ನಡುವಿನ ಸಣ್ಣ ಸಂದುಗಳೂ ಮುಚ್ಚುತ್ತವೆ.

ನಾನು ಆರಿಸಿದ್ದು ಗಾಢ ಕೆಂಪು. ಎಪಾಕ್ಸಿ ಬಿದ್ದೊಡನೆ ಸಾಮಾನ್ಯ ನೈಲಾನ್ ನೂಲು ಪಾರದರ್ಶಕವಾಗಿ, ಕಪ್ಪು ಬ್ಲಾಂಕಿನ ಮೇಲೆ ಕಂದುಗಪ್ಪಾಗಿಬಿಡುತ್ತದೆ. ಬಣ್ಣ ಉಳಿಯಬೇಕಾದರೆ ಮೊದಲು ಕಲರ್ ಪ್ರಿಸರ್ವರ್ ಹಚ್ಚಬೇಕು. ನನಗೆ ಆ ಕಂದುಗಪ್ಪೇ ಇಷ್ಟ, ಹಾಗೇ ಬಿಟ್ಟೆ. ಬಿಸಿಲಿಗೆ ಹಿಡಿದರೆ ಮಾತ್ರ ಒಳಗಿಂದ ಕೆಂಪು ಕಾಣುತ್ತದೆ.

ಎಪಾಕ್ಸಿ

ಎರಡು ಭಾಗ, ಸಮಸಮ. ಕಣ್ಣಳತೆ ನಡೆಯಲ್ಲ. ಎರಡು ಬೇರೆ ಬೇರೆ ಸಿರಿಂಜ್ ಇಟ್ಟುಕೊಂಡು ಅಳೆಯಬೇಕು, ಅವನ್ನು ಅದಲು ಬದಲು ಮಾಡಬಾರದು. ನಿಧಾನಕ್ಕೆ ಕಲಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಹರಡಿದರೆ ಗಾಳಿಗುಳ್ಳೆ ತಾನಾಗಿ ಮೇಲೆ ಬಂದು ಒಡೆಯುತ್ತದೆ. ಮೊದಲ ಕೋಟು ತೆಳುವಾಗಿ, ನೂಲು ಕುಡಿಯುವಷ್ಟು. ಎರಡನೆಯದು ಮೇಲ್ಮೈ ನುಣುಪಾಗುವಷ್ಟು.

ಹಚ್ಚಿದ ಮೇಲೆ ಕೋಲು ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಎಪಾಕ್ಸಿ ಒಂದು ಕಡೆ ಇಳಿದು ಹೊಟ್ಟೆ ಬರುತ್ತದೆ. ಇದಕ್ಕೆ ಅಂತಲೇ ಮೋಟಾರು ಮಾರುತ್ತಾರೆ. ನಾನು ಬಾರ್ಬೆಕ್ಯೂ ಗ್ರಿಲ್‌ನಲ್ಲಿ ಕೋಳಿ ತಿರುಗಿಸುವ ಮೋಟಾರನ್ನು ಉಪಯೋಗಿಸಿದೆ. ನಿಮಿಷಕ್ಕೆ ಎರಡು ಮೂರು ಸುತ್ತು, ಸರಿಹೋಗುತ್ತದೆ. ಹಳೇ ಮೈಕ್ರೋವೇವ್ ಬಿಚ್ಚಿ ತಟ್ಟೆ ತಿರುಗಿಸುವ ಮೋಟಾರು ತೆಗೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ರಾತ್ರಿಯಿಡೀ ಗ್ಯಾರೇಜಿನಲ್ಲಿ ಕೋಲು ತಿರುಗುತ್ತಿತ್ತು. ಬೆಳಿಗ್ಗೆ ಮುಟ್ಟಿದರೆ ಅಂಟುತ್ತಿರಲಿಲ್ಲ, ಆದರೂ ಪೂರ್ತಿ ಗಟ್ಟಿಯಾಗಲಿ ಅಂತ ಇನ್ನೂ ಕೆಲವು ದಿನ ಗೋಡೆಗೆ ಒರಗಿಸಿಟ್ಟೆ. ಮನೆಯೊಳಗೆ ತರಲಿಲ್ಲ. ಟೆಕ್ಸಾಸ್‌ನ ಮನೆಗಳಲ್ಲಿ ಏಳಡಿ ಕೋಲಿಗೆ ದೊಡ್ಡ ಶತ್ರು ಮೀನಲ್ಲ, ಸೀಲಿಂಗ್ ಫ್ಯಾನು.

ನೀರಿಗೆ

ಲೈನ್ 10 ಪೌಂಡ್ ಎಳೆತ ತಡೆಯುವ ಹಳದಿ ಬ್ರೇಡ್, ಮುಂದೆ ಕೊಕ್ಕೆಯ ಕಡೆಗೆ 8 ಪೌಂಡಿನ ಫ್ಲೋರೋಕಾರ್ಬನ್ ಲೈನಿನ ತುಂಡು, ಅದೇ ಲೀಡರ್. ಎರಡನ್ನೂ ಎಫ್‌ಜಿ ಗಂಟಿನಿಂದ ಕಟ್ಟಿದೆ. ಅದು ಸಪೂರ, 5.5ರ ಗೈಡಿನಲ್ಲಿ ಸದ್ದಿಲ್ಲದೆ ಹೋಗುತ್ತದೆ. ಡಬಲ್ ಯೂನಿ ಗಂಟು ಸುಲಭ, ಆದರೆ ಲೀಡರ್ ಉದ್ದವಾಗಿ ರೀಲಿನೊಳಗೆ ಹೋದರೆ ಎಸೆಯುವಾಗ ಪ್ರತಿ ಗೈಡಿಗೂ ಟಕ್ ಟಕ್ ಅನ್ನುತ್ತದೆ.

ಮೊದಲು ಒಯ್ದಿದ್ದು ಲೇಕ್ ಫೋರ್ಕ್‌ಗೆ. ಸೆಬೀನ್ ನದಿಗೆ ಸೇರುವ ಹಳ್ಳಕ್ಕೆ ಕಟ್ಟೆ ಹಾಕಿ ಮಾಡಿದ ಈ ನೀರು ಸುಮಾರು 27,000 ಎಕರೆ. ಟೆಕ್ಸಾಸ್‌ನ ದಾಖಲೆಯ ಬಾಸ್, 18.18 ಪೌಂಡಿನದು, 1992ರ ಜನವರಿಯಲ್ಲಿ ಸಿಕ್ಕಿದ್ದು ಇಲ್ಲೇ. ಇಲ್ಲಿನ ಕಾನೂನೂ ಬೇರೆ: 16ರಿಂದ 24 ಇಂಚಿನ ಬಾಸ್ ಸಿಕ್ಕರೆ ತಕ್ಷಣ ನೀರಿಗೆ ಬಿಡಬೇಕು. ಅದಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಹುದು, ದೊಡ್ಡದಾದರೆ ದಿನಕ್ಕೆ ಒಂದೇ. ಅಳೆಯುವ ಹಲಗೆ ಇಲ್ಲದೆ ದೋಣಿ ಹತ್ತಬೇಡಿ.

ಸೆಂಕೊ ಹಳೇ ಕೋಲಿಗಿಂತ ಚೆನ್ನಾಗಿ ದೂರ ಹೋಯಿತು. ಅದಕ್ಕಿಂತ ಖುಷಿ ಕೊಟ್ಟಿದ್ದು ಗುರಿ. ಒಣಮರದ ಬುಡಕ್ಕೆ ಅಂದರೆ ಬುಡಕ್ಕೇ. ಲೈನ್ ಎಡಕ್ಕೆ ಜರುಗಿದಾಗ ರೀಲ್ ತಿರುಗಿಸಿ ಕೋಲನ್ನು ಪಕ್ಕಕ್ಕೆ ಒಯ್ದೆ, ಅಷ್ಟೇ. ಕೊಕ್ಕೆ ಬಾಯಿಯ ಮೂಲೆಯಲ್ಲಿ ಕೂತಿತ್ತು. ಮೀನು ಹಾರಿದಾಗಲೂ ಉದುರಲಿಲ್ಲ. ಶೇಕಿ ಹೆಡ್‌ನಲ್ಲಿ ತಳದ ಕೊಂಬೆ ದಾಟುವುದು ಕೈಗೆ ಸರಿಯಾಗಿ ತಿಳಿಯಿತು, ಮಧ್ಯಮ ಗ್ರಾಫೈಟ್ ಸಾಕು ಅನ್ನುವುದಕ್ಕೆ ನನಗೆ ಅಷ್ಟು ಸಾಕ್ಷಿ.

3/16 ಔನ್ಸ್ ಟೆಕ್ಸಾಸ್ ರಿಗ್ ಹತ್ತಿರದಲ್ಲಿ ಪರವಾಗಿಲ್ಲ. ದೂರ ಎಸೆದಾಗ ಕೊಕ್ಕೆ ನಾಟುವುದು ಅನುಮಾನ. 3/8 ಔನ್ಸ್ ಹಾಕಿ ಹೈಡ್ರಿಲಾ ಗಿಡದೊಳಗೆ ಇಳಿಸಿ ನೋಡಿದೆ. ಮೀನು ಕಚ್ಚಿತು, ಕೋಲು ಪೂರ್ತಿ ಬಗ್ಗಿತು, ಗಿಡದ ಒಂದು ಹೊರೆ ಮೇಲೆ ಬಂತು, ಮೀನು ಬರಲಿಲ್ಲ. ಗೆಳೆಯ ಮಾತಾಡದೆ ತನ್ನ ಬೇಟ್‌ಕಾಸ್ಟರ್ ಕೋಲು ನನ್ನ ಕೈಗೆ ಕೊಟ್ಟು, ನನ್ನದನ್ನು ತಾನು ತಗೊಂಡು ದೋಣಿಯ ಆ ತುದಿಗೆ ಹೋಗಿ ಸೆಂಕೊ ಎಸೆಯಲು ಶುರು ಮಾಡಿದ. ಮಧ್ಯಾಹ್ನದವರೆಗೂ ವಾಪಸ್ ಕೊಡಲಿಲ್ಲ.